ಚೊಂಬು ಅಜ್ಜಿಯ ಕೈಗೇ ಕೊಟ್ಟೆ

ಸ್ನಾನ ಮಾಡಿಸಲು ಹೋಗಿ ಕೆನ್ನೆಗೆ ಏಟು ತಿಂದೆ. ವೃದ್ಧಾಶ್ರಮದಲ್ಲಿ ಆರೈಕೆ ಕೆಲಸಕ್ಕೆ ಸೇರಿ ಇನ್ನೂ ಎರಡು ವಾರ ಆಗಿತ್ತು. ಹೊಡೆದ ಅಜ್ಜಿಗೆ 82 ವರ್ಷ, ತೀರ್ಥಹಳ್ಳಿ ಕಡೆಯವರು, ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಇದ್ದವರು. ಎತ್ತಿ ಕೂರಿಸಿದರೆ ಮಗುವಿನಷ್ಟು ಹಗುರ. ಆದರೆ ಬಾತ್‌ರೂಮಿನ ಬಾಗಿಲು ಕಂಡರೆ ಸಾಕು, "ಕೊಲ್ತಾರೆ, ಯಾರಾದ್ರೂ ಬನ್ನಿ" ಅಂತ ಕೂಗು. ಬೆಂಗಳೂರಿನ ಆ ವೃದ್ಧಾಶ್ರಮದಲ್ಲಿ ನಡೆದುಬಂದ ಪದ್ಧತಿ ಅಂದರೆ ಇಬ್ಬರು ಹಿಡಿದುಕೊಳ್ಳುವುದು, ಒಬ್ಬರು ಶವರ್ ತಿರುಗಿಸುವುದು, ಐದು ನಿಮಿಷದಲ್ಲಿ ಮುಗಿಸಿ ಹೊರಗೆ ತರುವುದು. ಫೈಲಿನಲ್ಲಿ "ಹೊಡೆಯುತ್ತಾರೆ, ಹುಷಾರು" ಅಂತ ಬರೆದಿತ್ತು.

ನೋಡಲು ಬಂದ ಅವರ ಸೊಸೆ ಒಂದು ಮಾತು ಹೇಳಿದರು. "ನಮ್ಮತ್ತೆನ ಬಚ್ಚಲಿಂದ ಎಬ್ಬಿಸೋದೇ ಕಷ್ಟ ಆಗ್ತಿತ್ತು. ಹಂಡೆ ನೀರು ಖಾಲಿ ಆಗೋವರೆಗೂ ಹೊಯ್ಕೊಳ್ಳೋರು." ಆಗ ನನಗೆ ತಲೆಗೆ ಹೋಯಿತು. ಜೀವಮಾನವಿಡೀ ಹಂಡೆಯಿಂದ ತೋಡಿ ತೋಡಿ ಹೊಯ್ದುಕೊಂಡವರು. ಈಗ ಯಾರೋ ಗುರುತಿಲ್ಲದ ಇಬ್ಬರು ಬಟ್ಟೆ ಬಿಚ್ಚಿ, ಹಿಡಿದು ನಿಲ್ಲಿಸಿ, ನೆತ್ತಿಯ ಮೇಲೆ ನೀರು ಸುರಿಸಿದರೆ? ನಾನಾಗಿದ್ದರೆ ಕಚ್ಚುತ್ತಿದ್ದೆ.

ಮಾರನೇ ದಿನದಿಂದ ಶವರ್ ಮುಟ್ಟಲಿಲ್ಲ. ಬಕೆಟ್ಟು, ಹಿತ್ತಾಳೆಯದು ಸಿಗದೆ ಸ್ಟೀಲಿನ ಚೊಂಬು, ಬಟ್ಟಲಲ್ಲಿ ಕಲಸಿದ ಸೀಗೆಪುಡಿ. ಸ್ಟೂಲಿನ ಮೇಲೆ ಟವಲ್ ಹಾಸಿದೆ, ತಣ್ಣಗಿನ ಪ್ಲಾಸ್ಟಿಕ್ ತಾಗಿದರೇ ಅರ್ಧ ಜಗಳ ಶುರು. ಕನ್ನಡಿಗೆ ಬಟ್ಟೆ ಕಟ್ಟಿದೆ. ಒಳಗೆ ಬೇರೆ ಯಾರೋ ಇದ್ದಾರೆ ಅಂತ ಅವರಿಗೆ ಅನಿಸುತ್ತಿತ್ತು. ನೆಲದ ಕಪ್ಪು ಮ್ಯಾಟು ಗುಂಡಿಯ ಹಾಗೆ ಕಾಣುತ್ತದೆ, ಅದಕ್ಕೇ ಕಾಲು ಇಡುತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು, ತೆಗೆದೆ. ಹೆಗಲ ಮೇಲೆ ಒಣ ಟವಲ್ ಹೊದಿಸಿ ಎದುರಿಗೆ ಕೂತೆ. ಮೊದಲು ಪಾದಕ್ಕೆ ನೀರು. ಆಮೇಲೆ ಮೊಣಕಾಲು. ಟವಲ್ಲಿನ ಅಡಿಯಿಂದಲೇ ಮೈ. ತಲೆಗೆ ಕೊನೆಗೆ, ಅದೂ ವಾರಕ್ಕೆ ಒಂದು ದಿನ. ಚೊಂಬು ಅಜ್ಜಿಯ ಕೈಗೇ ಕೊಟ್ಟೆ. ಕೈಗೆ ನೆನಪಿತ್ತು. ಬಕೆಟ್ಟಿಗೆ ಅದ್ದಿ, ತಾವೇ ತೊಡೆಯ ಮೇಲೆ ಹೊಯ್ದುಕೊಂಡರು.

ದಿನಾ ಹೀಗೇ ಆಯಿತು ಅಂತೇನಿಲ್ಲ. "ಬೇಡ" ಅಂದ ದಿನ ವಾದ ಮಾಡದೆ ಹೊರಗೆ ಬಂದು, ಇಪ್ಪತ್ತು ನಿಮಿಷ ಬಿಟ್ಟು ಹೊಸದಾಗಿ ಹೋಗುತ್ತಿದ್ದೆ. ಮುಂಚಿನ "ಬೇಡ" ಅಷ್ಟರಲ್ಲಿ ಮರೆತಿರುತ್ತಿತ್ತು. ಕೆಲವು ದಿನ ಬರೀ ಮೈ ಒರೆಸಿ ಬಿಟ್ಟದ್ದೂ ಉಂಟು. ಒಬ್ಬರಿಗೆ ಇಪ್ಪತ್ತೈದು ನಿಮಿಷವಾ ಅಂತ ಸೂಪರ್‌ವೈಸರ್ ಮುಖ ಗಂಟಿಕ್ಕಿದರು. ಮುಂಚೆ ಮೂರು ಜನ, ಮೇಲೆ ಒಂದು ಗಂಟೆ ಅಜ್ಜಿಯ ಅಳು. ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದರು.

"ಅರವತ್ತಕ್ಕೆ ಅರಳು ಮರಳು, ಇದಕ್ಕೆಲ್ಲ ಏನು ಮಾಡಕ್ಕಾಗುತ್ತೆ" ಅನ್ನುವ ಮನೆಯವರು ಬಹಳ. ವಯಸ್ಸೇ ಕಾರಣ ಆಗಿದ್ದರೆ ಎಲ್ಲ ಮುದುಕರಿಗೂ ಬರಬೇಕಿತ್ತಲ್ಲ! 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು 7.4%, ಅಂದರೆ ಸುಮಾರು 88 ಲಕ್ಷ. ಇದು ಮೆದುಳಿನ ಕಾಯಿಲೆ, ಕೊಬ್ಬೂ ಅಲ್ಲ ಹಟವೂ ಅಲ್ಲ.

ಹಾಗಂತ ಎಲ್ಲವನ್ನೂ ಆ ಕಾಯಿಲೆಯ ತಲೆಗೆ ಕಟ್ಟಬಾರದು. ಆ ತಪ್ಪು ನಾನೇ ಮಾಡಿದ್ದೇನೆ. ಅದೇ ಅಜ್ಜಿ ಒಮ್ಮೆ ಎರಡೇ ದಿನದಲ್ಲಿ ಪೂರ್ತಿ ಬದಲಾದರು. ಹಗಲೆಲ್ಲ ಮಂಪರು, ರಾತ್ರಿ ಗೋಡೆಯ ಹತ್ತಿರ ಮಾತು, ತುತ್ತು ಇಟ್ಟರೆ ಉಗಿಯುವುದು. "ಕಾಯಿಲೆ ಜಾಸ್ತಿ ಆಗಿದೆ" ಅಂತ ರಿಜಿಸ್ಟರ್‌ನಲ್ಲಿ ಬರೆದು ಮನೆಗೆ ಹೋದೆ. ಮಾರನೇ ಬೆಳಿಗ್ಗೆ ಡೈಪರ್‌ನ ವಾಸನೆ ನೋಡಿ ಸ್ಟಾಫ್ ನರ್ಸ್ ಮೂತ್ರ ಪರೀಕ್ಷೆಗೆ ಕಳಿಸಿದರು. ಸೋಂಕು. ಮಾತ್ರೆ ಶುರುವಾಗಿ ವಾರದೊಳಗೆ ಅಜ್ಜಿ ಮೊದಲಿನಂತಾದರು. ಡಿಮೆನ್ಷಿಯಾದಲ್ಲಿ ಸ್ಥಿತಿ ಸಾಮಾನ್ಯವಾಗಿ ತಿಂಗಳು ವರ್ಷಗಳ ಲೆಕ್ಕದಲ್ಲಿ ಹದಗೆಡುತ್ತದೆ. ಒಂದೆರಡು ದಿನದಲ್ಲೇ ಹದಗೆಟ್ಟರೆ ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ಎಲ್ಲೋ ನೋವು, ಹೀಗೆ ಏನೋ ಇರುತ್ತದೆ. ಅವರಿಗೆ ಹೇಳಲು ಬರುವುದಿಲ್ಲ, ನಾವೇ ಡಾಕ್ಟರಿಗೆ ಹೇಳಬೇಕು. ಈಗ ಎಷ್ಟು ಲೋಟ ನೀರು ಹೋಯಿತು, ಎಷ್ಟು ದಿನಕ್ಕೆ ಕಕ್ಕಸು ಆಯಿತು ಅಂತ ಬರೆಯದೆ ಡ್ಯೂಟಿ ಬಿಡುವುದಿಲ್ಲ.

ಊಟದ್ದು ಇನ್ನೊಂದು ದಿನ ಬರೆಯುವಷ್ಟಿದೆ. ಸದ್ಯಕ್ಕೆ ಇಷ್ಟು: ನಾನು ಮಂಡ್ಯದವಳು, ಮುದ್ದೆ ನುಂಗಿಯೇ ಬೆಳೆದವಳು, ಆದರೂ ನುಂಗಲು ತಡವರಿಸುವವರಿಗೆ ಮುದ್ದೆ ಕೊಡುವುದಿಲ್ಲ. ತೆಳ್ಳಗಿನ ಸಾರು ಕುಡಿಸಿದಾಗ ಕೆಮ್ಮು ಬಂದರೆ ನಿಲ್ಲಿಸಿ ನರ್ಸ್‌ಗೆ ಹೇಳುತ್ತೇನೆ. ಮಲಗಿಸಿಕೊಂಡು ತಿನ್ನಿಸುವುದಂತೂ ಇಲ್ಲವೇ ಇಲ್ಲ.

ಸಂಜೆ ಐದಾದರೆ ವಾರ್ಡಿನ ಹವಾ ಬದಲಾಗುತ್ತದೆ. ಬೆಳಕು ಇಳಿಯುತ್ತಿದ್ದಂತೆ ಒಬ್ಬೊಬ್ಬರಿಗೂ ಮನೆ ನೆನಪು. ಹಾಗಾಗಿ ಮಬ್ಬಾಗುವ ಮೊದಲೇ ಎಲ್ಲ ದೀಪ ಹಾಕಿಸುತ್ತೇನೆ, ಟಿವಿ ಆರಿಸುತ್ತೇನೆ. ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬರು ಗೇಟಿನ ಹತ್ತಿರ ನಿಂತು ಚಿಲಕ ಎಳೆಯುತ್ತಿದ್ದರು. ಡಿಪೋಗೆ ಹೋಗಿ ದುಡ್ಡು ಕಟ್ಟಬೇಕು, ಕಲೆಕ್ಷನ್ ಕಮ್ಮಿ ಬಂದರೆ ಸಸ್ಪೆಂಡ್ ಮಾಡ್ತಾರೆ ಅಂತ ಬೆವರುತ್ತಿದ್ದರು. "ನೀವು ರಿಟೈರ್ ಆಗಿ ಇಪ್ಪತ್ತು ವರ್ಷ ಆಯ್ತು ಸಾರ್" ಅಂತ ನಾವು ಹೇಳಿದಷ್ಟೂ ಅವರ ಗಾಬರಿ ಏರುತ್ತಿತ್ತು.

ಮಗನಿಗೆ ಹೇಳಿ ಒಂದು ಹಳೇ ಚರ್ಮದ ಬ್ಯಾಗ್ ತರಿಸಿದೆ. ಅದರಲ್ಲಿ ಚೀಟಿಗಳು, ಹತ್ತು ರೂಪಾಯಿ ನೋಟು ಒಂದಷ್ಟು, ಕಂಡಕ್ಟರು ಟಿಕೆಟ್ಟಿನ ಲೆಕ್ಕ ಬರೆಯುವ ವೇಬಿಲ್ಲಿನ ಹಾಗೆ ಗೆರೆ ಎಳೆದ ಹಾಳೆ. ಸಂಜೆ ಐದಕ್ಕೆ ಮೇಜಿನ ಮುಂದೆ ಕೂರಿಸಿ "ಸಾರ್, ವೇಬಿಲ್ ಬರೀರಿ" ಅನ್ನುತ್ತೇನೆ. ಬೆರಳಿಗೆ ಎಂಜಲು ಹಚ್ಚಿಕೊಂಡು ನೋಟು ಎಣಿಸುತ್ತಾರೆ. ಸಂಖ್ಯೆ ಎಲ್ಲೆಲ್ಲೋ ಹೋಗುತ್ತದೆ, ಗೆರೆ ಮಾತ್ರ ನೇರ. ಎಣಿಸಿ ಆದ ಮೇಲೆ ನಾನು ಹಾಳೆ ತೆಗೆದುಕೊಂಡು "ಸರಿಯಾಗಿದೆ ಸಾರ್" ಅಂತ ಸಹಿ ಹಾಕಬೇಕು. ಇದು ಸುಳ್ಳಲ್ಲವಾ ಅಂತ ಹೊಸ ಹುಡುಗಿಯೊಬ್ಬಳು ಕೇಳಿದಳು. ಸುಳ್ಳೇ. ಅದಕ್ಕೆ ನನಗೇನೂ ನಿದ್ದೆ ಕೆಟ್ಟಿಲ್ಲ. ಸಹಿ ಬಿದ್ದ ಮೇಲೆ ಅವರು ಕಾಫಿ ಕೇಳುತ್ತಾರೆ.

ನನಗೆ ರಜೆ ಇರುವ ದಿನ ಆ ಸಹಿ ಯಾರು ಹಾಕಬೇಕು ಅಂತಲೂ ಡ್ಯೂಟಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.