ಹಳೆಯ ಬಿಎಂಡಬ್ಲ್ಯು 320ಡಿ: ಏನೇನು ಕೆಡುತ್ತದೆ, ಎಷ್ಟೆಷ್ಟು ಬೀಳುತ್ತದೆ

ಹೊಸದಿದ್ದಾಗ ಸುಮಾರು 30 ಲಕ್ಷ ರೂಪಾಯಿ, ಮೇಲಿನ ವೇರಿಯಂಟಾದರೆ ಇನ್ನೂ ಹೆಚ್ಚು ಇದ್ದ ಕಾರು ಹತ್ತು ವರ್ಷ ಕಳೆದರೆ ಮೂರರಲ್ಲಿ ಒಂದು ಪಾಲಿಗೆ ಸಿಗುತ್ತದೆ. ಇಳಿದಿರುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗದ ಅಂಗಡಿಯವನಿಗೆ ಅದು ಇವತ್ತಿಗೂ 30 ಲಕ್ಷದ ಗಾಡಿಯೇ. ಈ ಲೆಕ್ಕ ಮೊದಲೇ ತಲೆಯಲ್ಲಿ ಕೂತಿದ್ದರೆ ಮುಂದಿನದೆಲ್ಲ ಸಲೀಸು.

ಇಲ್ಲಿ ಬರೆದಿರುವುದು ಎಫ್30 ಮಾದರಿಯ 320ಡಿ ಬಗ್ಗೆ. 2012ರಿಂದ 2015ರ ಸುಮಾರಿನವರೆಗೆ ಬಂದ, ಎನ್47 ಡೀಸೆಲ್ ಎಂಜಿನ್ (184 ಅಶ್ವಶಕ್ತಿ) ಮತ್ತು ಝಡ್‌ಎಫ್ ಎಂಟು ಗೇರಿನ ಆಟೋಮ್ಯಾಟಿಕ್ ಇರುವ ಗಾಡಿ. ರೇಟುಗಳು ಬೆಂಗಳೂರಿನವು. ಕಂಪನಿ ಸರ್ವಿಸ್ ಸೆಂಟರಿನದಲ್ಲ, ಜರ್ಮನ್ ಕಾರುಗಳನ್ನೇ ಮಾಡುವ ಹೊರಗಿನ ಗ್ಯಾರೇಜುಗಳದ್ದು. ಶೋರೂಮಿಗೆ ಹೋದರೆ ಒಂದೂವರೆಯಿಂದ ಎರಡು ಪಟ್ಟು ಅಂತ ಹಿಡಿದುಕೊಳ್ಳಿ.

ಗಾಡಿ ಕೈಗೆ ಬಂದ ದಿನ ನಾನು ಬಾನೆಟ್ ಎತ್ತುವ ಮೊದಲು ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರನ್ನು ಓದುವ ಕಿಂಡಿ) ಬ್ಲೂಟೂತ್ ಅಡಾಪ್ಟರ್ ಚುಚ್ಚುತ್ತೇನೆ. ಅಡಾಪ್ಟರಿಗೆ ಮೂರರಿಂದ ಆರು ಸಾವಿರ, ಮೇಲೆ ಬಿಮ್ಮರ್‌ಲಿಂಕ್‌ನಂಥ ಒಂದು ಆ್ಯಪ್. ನೋಡಬೇಕಾದ ಅಂಕಿ ಮೂರೇ: ಕೂಲಂಟ್ ಉಷ್ಣತೆ, ಡಿಪಿಎಫ್‌ನ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಹಿಂದು-ಮುಂದಿನ ಒತ್ತಡದ ವ್ಯತ್ಯಾಸ, ಕೊನೆಯ ರೀಜನರೇಶನ್ (ಆ ಮಸಿಯನ್ನು ಸುಟ್ಟು ತೆಗೆಯುವ ಕೆಲಸ) ಆಗಿ ಎಷ್ಟು ಕಿಲೋಮೀಟರ್ ಆಯಿತು ಅನ್ನುವುದು.

ಕೂಲಂಟ್ ಉಷ್ಣತೆಗೆ ಮೊದಲ ಸ್ಥಾನ ಯಾಕೆಂದರೆ ಎಫ್30 ಡ್ಯಾಶ್‌ಬೋರ್ಡಿನಲ್ಲಿ ಅದರ ಮುಳ್ಳೇ ಇಲ್ಲ. ಆರೋಗ್ಯವಾಗಿರುವ ಎನ್47 ಹದಿನೈದು-ಇಪ್ಪತ್ತು ನಿಮಿಷ ಓಡಿದ ಮೇಲೆ 88–90 ಡಿಗ್ರಿಯ ಆಸುಪಾಸಿಗೆ ಬಂದು ಅಲ್ಲೇ ನಿಲ್ಲಬೇಕು. ಸಿಗ್ನಲ್ಲಿನಲ್ಲಿ 85 ತೋರಿಸಿ, ಹೈವೇಗೆ ಬಿದ್ದು ಗಾಳಿ ಬಡಿದ ಕೂಡಲೇ 70–75ಕ್ಕೆ ಇಳಿದರೆ ಕೂಲಂಟ್ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ ಅಂತ ಕಾಯಬೇಡಿ, ಎಷ್ಟೋ ಸಲ ಹತ್ತುವುದೇ ಇಲ್ಲ. ಡಿಪಿಎಫ್‌ನಲ್ಲಿ ಕೂತ ಮಸಿಯನ್ನು ಸುಡಲು ಎಂಜಿನ್ ಕಂಪ್ಯೂಟರಿಗೆ ಬಿಸಿ ಎಂಜಿನ್ ಬೇಕು. ತಣ್ಣಗೆ ಓಡುವ ಎಂಜಿನ್ನಿನಲ್ಲಿ ಅದು ರೀಜನರೇಶನ್ ಶುರುವನ್ನೇ ಮಾಡುವುದಿಲ್ಲ, ಮಸಿ ತುಂಬುತ್ತಾ ಹೋಗುತ್ತದೆ. ಆರು ತಿಂಗಳ ನಂತರ ಡಿಪಿಎಫ್ ದೀಪ ಹತ್ತುತ್ತದೆ, ಗ್ಯಾರೇಜಿನವನು "ಡಿಪಿಎಫ್ ಹೋಗಿದೆ ಸಾರ್, ಎರಡೂವರೆ ಲಕ್ಷ" ಅನ್ನುತ್ತಾನೆ. ಹೊಸ ಡಿಪಿಎಫ್ ಹಾಕಿದರೂ ಥರ್ಮೋಸ್ಟಾಟ್ ಹಳೆಯದೇ ಇದ್ದರೆ ಅದಕ್ಕೂ ಅದೇ ಗತಿ.

ಥರ್ಮೋಸ್ಟಾಟ್ ಮಾಹ್ಲೆ ಅಥವಾ ವಾಹ್ಲರ್ ತಯಾರಿಕೆಯದು ಆರರಿಂದ ಒಂಬತ್ತು ಸಾವಿರ, ಕೂಲಿ ನಾಲ್ಕೈದು ಸಾವಿರ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸುತ್ತೇನೆ. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ) ಕೂಲರಿನ ಮಗ್ಗುಲಲ್ಲೇ ಕೆಲಸವಾದ್ದರಿಂದ ಇಜಿಆರ್ ವಾಲ್ವನ್ನೂ ಅದೇ ಹೊತ್ತಿಗೆ ಬಿಚ್ಚಿ ಮಸಿ ತೆಗೆದರೆ ಇನ್ನೊಂದು ಕೂಲಿ ಉಳಿಯುತ್ತದೆ. ಕೂಲರ್ ಬಾಯಿಯೊಳಗೆ ಒಣ ಮಸಿ ಇದ್ದರೆ ಸಹಜ; ಅಂಟಂಟಾದ, ಒದ್ದೆಯಾದ ಕಪ್ಪು ಕಂಡರೆ ಕೂಲರ್ ಒಳಗೇ ಸೋರುತ್ತಿದೆ. ಎಲ್ಲೂ ನೆಲಕ್ಕೆ ಹನಿ ಬೀಳದೆ ಕೂಲಂಟ್ ಕಡಿಮೆಯಾಗುವ ಗಾಡಿಗಳಲ್ಲಿ ಕಳ್ಳ ಸಾಮಾನ್ಯವಾಗಿ ಇವನೇ. ಅದನ್ನು ಮುಂದಕ್ಕೆ ಹಾಕುವ ಹಾಗಿಲ್ಲ, ಬಿಸಿ ಮಸಿಯ ಮೇಲೆ ಕೂಲಂಟಿನ ಗ್ಲೈಕಾಲ್ ಸೋರಿದರೆ ಬೆಂಕಿಯ ಅಪಾಯವಿದೆ. ತುಂಬುವಾಗ ನೀಲಿ ಬಣ್ಣದ ಜಿ48 ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಊರಿನ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ರೇಡಿಯೇಟರ್ ಒಳಗೆ ಏನಾಗುತ್ತದೆಂದು ಹೇಳಬೇಕಿಲ್ಲ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ದ್ರವ ಬರುವವರೆಗೆ ನಿಧಾನ ತುಂಬುತ್ತೇನೆ. ಒಂದು ಸುತ್ತು ಓಡಿಸಿ, ಆರಿದ ಮೇಲೆ ಮಟ್ಟ ಮತ್ತೆ ನೋಡುವುದನ್ನು ಮರೆಯಬಾರದು.

ಡಿಪಿಎಫ್ ಪಾಳಿ ಇದಾದ ಮೇಲೆ. ಐಡಲ್‌ನಲ್ಲಿ ಒತ್ತಡದ ವ್ಯತ್ಯಾಸ 10–15 ಮಿಲಿಬಾರ್ ಒಳಗಿದ್ದರೆ, ಎರಡು ರೀಜನರೇಶನ್ ನಡುವೆ 300 ಕಿಲೋಮೀಟರಿಗಿಂತ ಹೆಚ್ಚಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ನೂರು-ನೂರೈವತ್ತಕ್ಕೊಮ್ಮೆ ಸುಡುತ್ತಿದ್ದರೆ ಮೊದಲು ಪ್ರೆಶರ್ ಸೆನ್ಸರಿಗೆ ಹೋಗುವ ಎರಡು ರಬ್ಬರ್ ಪೈಪು ಬಿರಿದಿದೆಯೇ, ಕಟ್ಟಿದೆಯೇ ನೋಡಿ. ಕೆಲವು ನೂರು ರೂಪಾಯಿಯ ಪೈಪಿನಿಂದ ಡಿಪಿಎಫ್ ಮೇಲೆ ಗೂಬೆ ಕೂರುವುದುಂಟು. ಪೈಪು ಸರಿಯಿದ್ದರೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ನೈಸ್ ರಸ್ತೆಗೋ ತುಮಕೂರು ಹೈವೇಗೋ ಹೋಗಿ, ಗೇರನ್ನು ಕೈಯಲ್ಲಿ ಹಿಡಿದು, 2,000–2,500 ಆರ್‌ಪಿಎಂನಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇದು ಯಾವ ಜನ್ಮಕ್ಕೂ ಮುಗಿಯುವ ಕೆಲಸವಲ್ಲ. ಅರ್ಧಕ್ಕೆ ನಿಂತ ರೀಜನರೇಶನ್ನೇ ಸಿಟಿ ಗಾಡಿಗಳ ದೊಡ್ಡ ಕಾಯಿಲೆ. ಒಂದೂವರೆ-ಎರಡು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಮಸಿಯ ಜೊತೆ ಬೂದಿಯೂ ತುಂಬಿರುತ್ತದೆ. ಬೂದಿ ಸುಡುವುದಿಲ್ಲ, ಬಿಚ್ಚಿ ತೊಳೆಸಬೇಕು: 15ರಿಂದ 25 ಸಾವಿರ. ಒಳಗಿನ ಜಾಲರಿ ತೆಗೆದು ಖಾಲಿ ಡಬ್ಬ ಕೂರಿಸಿಕೊಡುತ್ತೇವೆ ಅನ್ನುವವರು ಎಲ್ಲ ಕಡೆ ಇದ್ದಾರೆ. ಕಾನೂನಿಗೆ ವಿರುದ್ಧ, ಹಿಂದೆ ಬರುವವನ ಮೂಗಿಗೂ ಅನ್ಯಾಯ. ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

ರೀಜನರೇಶನ್ ಆಗುವಾಗ ಹೆಚ್ಚುವರಿಯಾಗಿ ಚಿಮ್ಮಿಸುವ ಡೀಸೆಲ್ಲಿನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡ್ ಇನ್ನೂ ಹತ್ತು-ಹದಿನೈದು ಸಾವಿರ ಬಾಕಿ ಇದೆ ಅಂದರೂ ನಾನು 8,000 ಕಿಲೋಮೀಟರಿಗೋ ವರ್ಷಕ್ಕೋ, ಯಾವುದು ಮೊದಲೋ ಆಗ ಬದಲಿಸುತ್ತೇನೆ. 5.2 ಲೀಟರ್, 5ಡಬ್ಲ್ಯು-30, ಡಬ್ಬದ ಹಿಂದೆ ಬಿಎಂಡಬ್ಲ್ಯು ಲಾಂಗ್‌ಲೈಫ್-04 ಅಂತ ಬರೆದಿರಲೇಬೇಕು. ಬೂದಿ ಕಡಿಮೆ ಬಿಡುವ ಆಯಿಲ್ ಅದು, ಬೇರೆಯದು ಹಾಕಿದರೆ ಡಿಪಿಎಫ್‌ಗೇ ಹೊರೆ. ಮಾನ್ ಅಥವಾ ಹೆಂಗ್ಸ್ಟ್ ಫಿಲ್ಟರ್, ಡ್ರೇನ್ ಬೋಲ್ಟಿಗೆ ಹೊಸ ವಾಷರ್, ಬಿಗಿತ 25 ನ್ಯೂಟನ್ ಮೀಟರ್. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್ ಸೇರಿ ಹನ್ನೆರಡರಿಂದ ಹದಿನಾರು ಸಾವಿರ.

ಈ ಆಯಿಲಿನ ಮೇಲೆಯೇ ಎನ್47ರ ಕುಖ್ಯಾತ ಟೈಮಿಂಗ್ ಚೈನಿನ (ಪಿಸ್ಟನ್, ವಾಲ್ವುಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಚೈನು) ಆಯಸ್ಸು ನಿಂತಿದೆ. 2011ರ ಮೊದಲಿನ ಎಂಜಿನ್ನುಗಳಷ್ಟು ಕೆಟ್ಟ ಹೆಸರು ಎಫ್30ಕ್ಕಿಲ್ಲ, ಆದರೆ ಚಿಂತೆ ಪೂರ್ತಿ ಹೋಗಿಲ್ಲ. ಬೇರೆ ಕಾರುಗಳಲ್ಲಿ ಸಾಮಾನ್ಯವಾಗಿ ಚೈನು ಎಂಜಿನ್ನಿನ ಮುಂದಿರುತ್ತದೆ, ಇಲ್ಲಿ ಹಿಂದೆ, ಗೇರ್‌ಬಾಕ್ಸ್ ಕಡೆ. ಕ್ರ್ಯಾಂಕಿನಿಂದ ಡೀಸೆಲ್ ಪಂಪಿಗೆ ಒಂದು, ಪಂಪಿನಿಂದ ಕ್ಯಾಮ್‌ಶಾಫ್ಟಿಗೆ ಇನ್ನೊಂದು, ಆಯಿಲ್ ಪಂಪಿಗೆ ಮತ್ತೊಂದು. ಸವೆದ ಪ್ಲಾಸ್ಟಿಕ್ ಗೈಡು, ದಣಿದ ಟೆನ್ಷನರ್ ಇದ್ದರೆ ಸದ್ದು ಬರುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿಸಿ, ಬಾನೆಟ್ ಎತ್ತಿ, ಕಿವಿಯನ್ನು ವಿಂಡ್‌ಶೀಲ್ಡಿನ ಬುಡದ ಕಡೆ ಕೊಡಿ. ಆ್ಯಕ್ಸಿಲರೇಟರ್ ನಿಧಾನ ಒತ್ತಿಸಿ 1,500ರಿಂದ 2,000 ಆರ್‌ಪಿಎಂ ನಡುವೆ ಆಲಿಸಿ. ಹಳೆಯ ಸೈಕಲ್ಲಿನ ಚೈನು ಗಾರ್ಡಿಗೆ ಉಜ್ಜಿದಂಥ ಸದ್ದು ಹಿಂದಿನಿಂದ ಬಂದರೆ ಅದೇ. ಡೀಸೆಲ್ ಎಂಜಿನ್ ಅಂದರೆ ಸದ್ದು ಇರುತ್ತದೆ ಅಂತ ಮಾರುವವರು ಸಮಾಧಾನ ಹೇಳುತ್ತಾರೆ. ಇಂಜೆಕ್ಟರಿನ ಟಕಟಕ ಮೇಲಿನಿಂದ ಬರುತ್ತದೆ, ಚೈನಿನ ಕರಕರ ಹಿಂದಿನಿಂದ. ಇನ್ನೊಂದು ಸಾಕ್ಷಿ ಆಯಿಲ್ ಫಿಲ್ಟರಿನಲ್ಲಿದೆ. ಹಳೆಯ ಫಿಲ್ಟರನ್ನು ಎಸೆಯದೆ ಬ್ಲೇಡಿನಿಂದ ಕತ್ತರಿಸಿ, ಮಡಿಕೆ ಬಿಡಿಸಿ ನೋಡುತ್ತೇನೆ. ಪ್ಲಾಸ್ಟಿಕ್ ಚೂರು ಸಿಕ್ಕರೆ ಗೈಡು ಮುರಿಯುತ್ತಿದೆ ಅಂತ ಅರ್ಥ.

ಕೆಲಸ ಮಾತ್ರ ದೊಡ್ಡದು. ಗೇರ್‌ಬಾಕ್ಸ್ ಇಳಿಸಬೇಕು, ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ತೆಗೆಯಬೇಕು. ಎಷ್ಟೋ ಗ್ಯಾರೇಜಿನವರು ಎಂಜಿನ್ನನ್ನೇ ಹೊರತೆಗೆದು ಮಾಡುತ್ತಾರೆ. ಮನೆಯ ಮುಂದೆ ಜ್ಯಾಕ್ ಹಾಕಿ ಮಾಡುವಂಥದ್ದಲ್ಲ. ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಟೂಲ್ ಗ್ಯಾರೇಜಿನಲ್ಲಿ ಇದೆಯೇ ಅಂತ ಮೊದಲೇ ಕೇಳಿ. ಪೇಂಟ್ ಗುರುತು ಹಾಕಿಕೊಂಡು ಮಾಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಐವಿಸ್ ಚೈನು, ಗೈಡು, ಟೆನ್ಷನರ್, ಸ್ಪ್ರಾಕೆಟ್ಟು ಸೇರಿ ಕಿಟ್ 45–60 ಸಾವಿರ. ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬಾರದ ಬೋಲ್ಟುಗಳು, ಗ್ಯಾಸ್ಕೆಟ್, ಸೀಲಂಟ್ ಬೇರೆ. ಕೂಲಿ 50–80 ಸಾವಿರ. ಒಟ್ಟು ಒಂದೂಕಾಲರಿಂದ ಒಂದೂಮುಕ್ಕಾಲು ಲಕ್ಷ. ಗೇರ್‌ಬಾಕ್ಸ್ ಹೇಗೂ ಕೆಳಗಿರುವಾಗ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಿಸಿಬಿಡಿ. ಸದ್ದು ಕೇಳಿಯೂ ಓಡಿಸಿ ಚೈನು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅಲ್ಲಿಂದ ಮುಂದೆ ಸೆಕೆಂಡ್ ಹ್ಯಾಂಡ್ ಎಂಜಿನ್ ಹುಡುಕುವ ಮಾತು, ಮೂರು-ನಾಲ್ಕು ಲಕ್ಷ.

ಗೇರ್‌ಬಾಕ್ಸ್ ವಿಷಯದಲ್ಲಿ ಒಂದು ಹಳೆಯ ತಪ್ಪು ತಿಳಿವಳಿಕೆ ಇದೆ: ಇದರ ಆಯಿಲ್ ಜೀವನಪರ್ಯಂತ, ಬದಲಿಸುವುದು ಬೇಡ ಅಂತ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಸಿಗ್ನಲ್ಲಿಗೆ ನಿಧಾನ ಆಗುವಾಗ ಎರಡರಿಂದ ಒಂದಕ್ಕೆ ಇಳಿಯುವ ಹೊತ್ತಿಗೆ ಹಿಂದಿನಿಂದ ತಳ್ಳಿದಂತಾಗುವುದು, 60–80ರ ವೇಗದಲ್ಲಿ ಹಗುರಾಗಿ ಒತ್ತಿದಾಗ ನಡುಗುವುದು, ರಿವರ್ಸ್ ಹಾಕಿ ಎರಡು ಕ್ಷಣ ಕಾಯಬೇಕಾಗುವುದು, ಇವೆಲ್ಲ ಆಯಿಲ್ ಬೇಡುತ್ತಿರುವ ಲಕ್ಷಣ. ಕಿಟ್‌ನಲ್ಲಿ ಪ್ಲಾಸ್ಟಿಕ್ ಪ್ಯಾನ್, ಅದರೊಳಗೇ ಕೂತಿರುವ ಫಿಲ್ಟರ್, ಬೋಲ್ಟು ಮತ್ತು ಏಳು ಲೀಟರ್ ಲೈಫ್‌ಗಾರ್ಡ್ 8 ಬರುತ್ತದೆ. ಕೂಲಿ ಸೇರಿ 35–50 ಸಾವಿರ.

ಕಾರು ನಾಲ್ಕೂ ಚಕ್ರದಲ್ಲಿ ಸಮಮಟ್ಟದಲ್ಲಿರಬೇಕು, ಮೂತಿ ಮಾತ್ರ ಎತ್ತಿದರೆ ಮಟ್ಟ ತಪ್ಪುತ್ತದೆ. ಕೆಳಗಿನ ಡ್ರೇನ್ ಮುಟ್ಟುವ ಮೊದಲು ಮೇಲಿನ ಫಿಲ್ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದಿದ್ದರೆ ಇರುವ ಆಯಿಲನ್ನೂ ಇಳಿಸಿ ತುಂಬಲಾಗದೆ ನಿಲ್ಲಬೇಕಾಗುತ್ತದೆ. ಪ್ಯಾನ್ ಬೋಲ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ 10 ನ್ಯೂಟನ್ ಮೀಟರಿಗೆ ಬಿಗಿಯಬೇಕು. ಪ್ಲಾಸ್ಟಿಕ್ ಪ್ಯಾನು, ಇಂಪ್ಯಾಕ್ಟ್ ಗನ್ ತಂದರೆ ಬಿರುಕು ಖಚಿತ. ಹೊರಬಂದ ಆಯಿಲನ್ನು ಅಳೆದಿಟ್ಟುಕೊಳ್ಳಿ. ಹೊಸದನ್ನು ಫಿಲ್ ಬಾಯಿಂದ ಹರಿಯುವವರೆಗೆ ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಮತ್ತು ಡ್ರೈವ್ ಎರಡರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ, ಮತ್ತೆ ತುಂಬಿ. ಕೊನೆಯ ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಗೇರ್‌ಬಾಕ್ಸ್ ಆಯಿಲ್ ಉಷ್ಣತೆ 30ರಿಂದ 50 ಡಿಗ್ರಿ ಒಳಗಿರುವಾಗ. ತೆಳ್ಳಗಿನ ಎಳೆಯಾಗಿ ಹರಿದರೆ ಪ್ಲಗ್ ಹಾಕಿ. ಐವತ್ತು ದಾಟಿದ ಮೇಲೆ ನೋಡಿದರೆ ಆಯಿಲ್ ಹಿಗ್ಗಿ ಹೊರಗೆ ಹೋಗಿ ಮಟ್ಟ ಕಡಿಮೆಯಾಗುತ್ತದೆ. ಬದಲಿಸಿ ಹಾಳಾಯಿತು ಅನ್ನುವ ಗೇರ್‌ಬಾಕ್ಸುಗಳಲ್ಲಿ ಬಹಳಷ್ಟು ಈ ಒಂದು ಹೆಜ್ಜೆ ತಪ್ಪಿದವು ಅನ್ನುವುದು ನನ್ನ ಅಂದಾಜು.

ಮುಂದಿನ ಸಸ್ಪೆನ್ಷನ್ನಿಗೆ ನಮ್ಮ ಹಂಪುಗಳೇ ಯಮ. ಪ್ರತಿ ಬದಿಯಲ್ಲಿ ಕೆಳಗೆ ಎರಡು ತೋಳುಗಳಿವೆ. ಅದರಲ್ಲಿ ಟೆನ್ಷನ್ ಸ್ಟ್ರಟ್‌ನ ಬುಷ್ ಒಳಗೆ ದ್ರವ ತುಂಬಿರುತ್ತದೆ. ರಬ್ಬರ್ ಬಿರಿದರೆ ದ್ರವ ಸೋರಿ ಕಪ್ಪು ಕಲೆ ಬಿಡುತ್ತದೆ, 80–100ರಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬಾಗಿದೆ ಅಂತ ಡಿಸ್ಕ್ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಬಹಳ. ಲೆಮ್‌ಫೋರ್ಡರ್ ತೋಳು ಒಂದಕ್ಕೆ 10ರಿಂದ 16 ಸಾವಿರ. ಕೆಲವದರ ಮೇಲೆ ಬಿಎಂಡಬ್ಲ್ಯು ಲಾಂಛನ ಉಜ್ಜಿ ಅಳಿಸಿದ ಗುರುತು ಕಾಣುತ್ತದೆ, ಅದು ನಕಲಿಯ ಲಕ್ಷಣವಲ್ಲ, ಅದೇ ಕಾರ್ಖಾನೆಯ ಮಾಲು ಅನ್ನುವುದರ ಲಕ್ಷಣ. ಬುಷ್ ಇರುವ ಕಡೆಯ ಬೋಲ್ಟನ್ನು ಗಾಡಿ ತೂಗಾಡುತ್ತಿರುವಾಗ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿಟ್ಟು, ಅಥವಾ ಹಬ್ ಕೆಳಗೆ ಜ್ಯಾಕ್ ಕೊಟ್ಟು ಓಡುವ ಎತ್ತರಕ್ಕೆ ತಂದು ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಮುಗಿದ ಮೇಲೆ ಅಲೈನ್‌ಮೆಂಟ್.

ಉಳಿದವು ಚಿಕ್ಕವು. ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರ್ ಬಿರಿದಿದ್ದರೆ ಬೆಲ್ಟಿನ ಜೊತೆ ಬದಲಿಸಿ, 20–30 ಸಾವಿರ. ಬೆಲ್ಟು ಕಳಚಿದರೆ ವಾಟರ್ ಪಂಪೂ ನಿಲ್ಲುತ್ತದೆ, ಇನ್ನೊಂದು ಕಿಲೋಮೀಟರ್ ಅಂತ ಆಸೆಪಟ್ಟರೆ ಸಿಲಿಂಡರ್ ಹೆಡ್ಡಿಗೇ ಕುತ್ತು. ಡಿಕ್ಕಿಯ ಬಲಬದಿಯಲ್ಲಿರುವ ಎಜಿಎಂ ಬ್ಯಾಟರಿ 18–25 ಸಾವಿರ. ಹೊಸದು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಹಳೆಯ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡಿ ಅದರ ಆಯಸ್ಸು ತಿನ್ನುತ್ತದೆ. ರನ್‌ಫ್ಲಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಒಂದಕ್ಕೆ 15 ಸಾವಿರದ ಮೇಲೆ, ಗುಂಡಿಗೆ ಬಿದ್ದರೆ ಬದಿ ಉಬ್ಬುತ್ತದೆ. ನಾನು ಸಾಮಾನ್ಯ ಟ್ಯೂಬ್‌ಲೆಸ್ ಹಾಕಿಸಿ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ಟು, ಪಂಪು ಇಡುತ್ತೇನೆ. ಸನ್‌ರೂಫ್ ಇದ್ದರೆ ಮಳೆಗಾಲದ ಮೊದಲು ನಾಲ್ಕು ಮೂಲೆಯ ನೀರಿನ ದಾರಿ ಊದಿಸಿ.

ಬಿಡಿಭಾಗ ಕೇಳುವಾಗ ಚಾಸಿ ನಂಬರಿನ ಕೊನೆಯ ಏಳು ಅಕ್ಷರ ಕೊಡಿ. "320ಡಿ, 2014" ಅಂದರೆ ಜೆ.ಸಿ. ರಸ್ತೆಯಲ್ಲೂ ತಪ್ಪು ಮಾಲು ಕೈಗೆ ಬರುತ್ತದೆ. ಬಾಗಿಲು, ಕನ್ನಡಿ, ಹೆಡ್‌ಲೈಟಿಗೆ ಶಿವಾಜಿನಗರದ ಹಳೆ ಮಾಲು ಅಡ್ಡಿಯಿಲ್ಲ. ಚೈನು, ಥರ್ಮೋಸ್ಟಾಟ್, ಸಸ್ಪೆನ್ಷನ್ ತೋಳಿಗೆ ಹಳೆ ಮಾಲು ಬೇಡ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಾಕಿದ್ದ ನಿರ್ಬಂಧದ ಕಾರಣ ಅಲ್ಲಿಯ 320ಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದಿವೆ. ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಮರುನೋಂದಣಿ ಸೇರಿಸಿ ಕೂಡಿದರೆ ಉಳಿತಾಯ ಎಷ್ಟು ಉಳಿಯಿತು ಅಂತ ಮೊದಲು ಕಾಗದದ ಮೇಲೆ ಹಾಕಿ ನೋಡಿ. ಯಾವ ಊರಿನ ಗಾಡಿಯಾದರೂ ಓಡಿದ ಕಿಲೋಮೀಟರನ್ನು ಡ್ಯಾಶ್‌ಬೋರ್ಡಿನಿಂದ ಓದಿ ನಂಬಬೇಡಿ. ಅದೇ ಅಂಕಿ ಒಳಗಿನ ಬೇರೆ ಬೇರೆ ಮಾಡ್ಯೂಲುಗಳಲ್ಲೂ ಉಳಿದಿರುತ್ತದೆ; ಸ್ಕ್ಯಾನ್ ಮಾಡಿಸಿ ತಾಳೆ ನೋಡಿ. ಡ್ಯಾಶ್‌ಬೋರ್ಡ್ 70 ಸಾವಿರ ಅಂದು ಒಳಗಿನ ಯಾವುದೋ ಮಾಡ್ಯೂಲ್ ಒಂದೂವರೆ ಲಕ್ಷ ಅಂದರೆ ಚೈನಿನ ಸದ್ದು ಕೇಳುವ ಕಷ್ಟವನ್ನೂ ತೆಗೆದುಕೊಳ್ಳದೆ ಮುಂದಿನ ಗಾಡಿ ನೋಡಲು ಹೋಗುತ್ತೇನೆ. ಎಲ್ಲ ತಾಳೆಯಾದರೂ ಕೊಳ್ಳುವ ಬೆಲೆಯ ಮೇಲೆ ಎರಡು ಲಕ್ಷ ಬೇರೆ ಎತ್ತಿಟ್ಟಿರುತ್ತೇನೆ: ಆಯಿಲ್, ಥರ್ಮೋಸ್ಟಾಟ್, ಗೇರ್‌ಬಾಕ್ಸ್ ಕಿಟ್, ಎರಡು ತೋಳು, ಬ್ಯಾಟರಿ ಮೊದಲ ಮೂರು ತಿಂಗಳಲ್ಲೇ ಬರುತ್ತವೆ, ಮಿಕ್ಕದ್ದು ಚೈನಿನ ಬಾಬ್ತು.