ಗಂಟಲ ಕ್ಯಾನ್ಸರ್ ಮರುಕಳಿಸಿದೆ. ಹೊಸ ಔಷಧದ ಟ್ರಯಲ್‌ಗೆ ಸೇರುವುದು ಹೇಗೆ?

ಆಪರೇಷನ್ ಆಯಿತು, ರೇಡಿಯೇಶನ್ ಆಯಿತು, ಸಿಸ್‌ಪ್ಲಾಟಿನ್ ಕೀಮೋ ಕೂಡ ಮುಗಿಯಿತು. ಆಮೇಲೂ ಗಂಟಲಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಮತ್ತೆ ಕಾಣಿಸಿಕೊಂಡರೆ, ‘ಹೊಸ ಟಾರ್ಗೆಟೆಡ್ ಔಷಧದ ಟ್ರಯಲ್ ನಡೀತಿದೆ, ಸೇರ್ತೀರಾ?’ ಎಂದು ವೈದ್ಯರು ಕೇಳುವುದುಂಟು. ಟಾರ್ಗೆಟೆಡ್ ಎಂದರೆ ಕ್ಯಾನ್ಸರ್ ಕೋಶದ ಒಂದು ನಿರ್ದಿಷ್ಟ ಗುರಿಯನ್ನು ಹಿಡಿಯುವ ಔಷಧ. ಮನೆಯಲ್ಲಿ ಅರ್ಧ ಜನಕ್ಕೆ ಪ್ರಯೋಗದ ಇಲಿ ಆಗಿಬಿಡುತ್ತೇವೆಂಬ ಭಯ. ಇನ್ನರ್ಧಕ್ಕೆ, ಹೊಸದು ಅಂದಮೇಲೆ ಹಳೆಯದಕ್ಕಿಂತ ಒಳ್ಳೆಯದೇ ಇರಬೇಕೆಂಬ ನಂಬಿಕೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಅಪಾಯ. ಔಷಧ ಒಳ್ಳೆಯದೆಂದು ಮೊದಲೇ ಗೊತ್ತಿದ್ದರೆ ಟ್ರಯಲ್ ಏಕೆ ಬೇಕಿತ್ತು?

ಮೊದಲು ಫೈಲು, ಆಮೇಲೆ ಬ್ಲಾಕು

ಹಳೆಯ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿ, ಸ್ಕ್ಯಾನ್‌ಗಳ ಸಿ.ಡಿ. ಒಟ್ಟುಮಾಡಿ. ರೇಡಿಯೇಶನ್ ಎಷ್ಟು ಗ್ರೇ (ಅದರ ಅಳತೆಯ ಮಾನ) ಕೊಟ್ಟರು, ಯಾವ ದಿನ ಮುಗಿಯಿತು, ಕೀಮೋದಲ್ಲಿ ಯಾವ ಔಷಧ, ಎಷ್ಟು ಸೈಕಲ್ ಎಂಬುದು ಕಾಗದದಲ್ಲೇ ಇರಬೇಕು. ಹಿಂದಿನ ಚಿಕಿತ್ಸೆ ಮುಗಿದು ಇಂತಿಷ್ಟು ವಾರ ಕಳೆದಿರಬೇಕೆಂಬ ನಿಯಮ ಬಹುತೇಕ ಟ್ರಯಲ್‌ಗಳಲ್ಲಿ ಇರುತ್ತದೆ.

ಹೆಚ್ಚಿನವರು ಮರೆಯುವುದು ಬ್ಲಾಕನ್ನು. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಗುರಿ ಹಿಡಿಯುವ ಔಷಧಕ್ಕೆ ಗುರಿ ಇದೆಯೇ ಎಂದು ನೋಡಲು ಅದು ಬೇಕು. ಉದಾಹರಣೆಗೆ, ಟಿಪಿಫಾರ್ನಿಬ್ ಎಂಬ ಮಾತ್ರೆಯನ್ನು ಎಚ್‌ರಾಸ್ ಜೀನ್‌ನಲ್ಲಿ ಬದಲಾವಣೆ ಇರುವವರಲ್ಲೇ ಪರೀಕ್ಷಿಸಿದರು. ತಲೆ–ಕುತ್ತಿಗೆ ಕ್ಯಾನ್ಸರ್ (ಗಂಟಲಿನದೂ ಇದೇ ಗುಂಪು) ಇರುವವರಲ್ಲಿ ಅಂಥವರು ಸ್ವಲ್ಪವೇ ಜನ. ಸಿಟುಕ್ಸಿಮ್ಯಾಬ್ ಎಂಬ ಔಷಧದ ವಿಷಯ ಬೇರೆ. ಅದು ಹಿಡಿಯುವ ಇಜಿಎಫ್‌ಆರ್ ಎಂಬ ಪ್ರೋಟೀನ್ ಈ ಕ್ಯಾನ್ಸರ್‌ನ ಬಹುಪಾಲು ಗಡ್ಡೆಗಳಲ್ಲಿ ಹೇರಳವಾಗಿರುತ್ತದೆ. ಇಜಿಎಫ್‌ಆರ್ ಜೀವಕೋಶದ ಹೊರಗಿನ ಕಾಲಿಂಗ್ ಬೆಲ್ ಇದ್ದಂತೆ. ಒತ್ತಿದಷ್ಟೂ ಒಳಗೆ ‘ಬೆಳೆ’ ಎಂಬ ಸೂಚನೆ ಹೋಗುತ್ತದೆ, ಔಷಧ ಆ ಬೆಲ್ಲನ್ನೇ ಮುಚ್ಚುತ್ತದೆ.

ಬೆಲ್ ಮುಚ್ಚಿದರೆ ಕಾಯಿಲೆ ನಿಂತಿತೆಂದಲ್ಲ. ಪ್ಲಾಟಿನಂ ಕೀಮೋ (ಸಿಸ್‌ಪ್ಲಾಟಿನ್‌ನಂಥದ್ದು) ಫಲಿಸದ 103 ಜನರಿಗೆ ಸಿಟುಕ್ಸಿಮ್ಯಾಬ್ ಒಂದನ್ನೇ ಕೊಟ್ಟಾಗ ಗಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ಶೇ 13ರಷ್ಟು ಮಂದಿಗೆ. ಆದರೂ 2006ರಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಅದೇ ವರ್ಷ ಕ್ಯೂಬಾ ಮೂಲದ ನಿಮೊಟುಜುಮ್ಯಾಬ್ ಅನ್ನು ಬೆಂಗಳೂರಿನ ಬಯೋಕಾನ್ ಭಾರತದ ಮಾರುಕಟ್ಟೆಗೆ ತಂದಿತು. ಅದೂ ಇಜಿಎಫ್‌ಆರ್ ಹಿಡಿಯುವ ಔಷಧವೇ.

ಎಷ್ಟನೇ ಹಂತ, ಯಾವುದರ ಎದುರು?

ಮೊದಲ ಹಂತದಲ್ಲಿ ಹುಡುಕುವುದು ಸುರಕ್ಷಿತ ಡೋಸ್. ಹಳೆಯ ರೂಢಿಯಲ್ಲಿ ಮೂವರಿಗೆ ಕೊಟ್ಟು ನೋಡಿ, ತೀವ್ರ ತೊಂದರೆ ಬರದಿದ್ದರೆ ಮುಂದಿನ ಮೂವರಿಗೆ ಡೋಸ್ ಏರಿಸುತ್ತಾರೆ. ಎರಡನೆಯದರಲ್ಲಿ ಗಡ್ಡೆ ಕುಗ್ಗುತ್ತದೆಯೇ ಎಂಬ ಪ್ರಶ್ನೆ. ಮೂರನೆಯದರಲ್ಲಿ ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಕೆ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ನಿರ್ಧರಿಸುತ್ತದೆ, ವೈದ್ಯರ ಶಿಫಾರಸು ನಡೆಯುವುದಿಲ್ಲ. ‘ಬರೀ ಸಕ್ಕರೆ ಗುಳಿಗೆ ಕೊಟ್ಟುಬಿಟ್ಟರೆ?’ ಎಂದು ಕೇಳುವವರಿದ್ದಾರೆ. ಚೆಕ್‌ಮೇಟ್ 141 ಎಂಬ ಟ್ರಯಲ್ ನೋಡಿ. ಅದರಲ್ಲಿದ್ದ 361 ಜನರಲ್ಲಿ ಕೆಲವರಿಗೆ ನಿವೊಲುಮ್ಯಾಬ್ ಸಿಕ್ಕಿತು. ಇದು ಇಮ್ಯುನೊಥೆರಪಿ ಔಷಧ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವಂಥದ್ದು, ಆದರೆ ಟ್ರಯಲ್‌ನ ಕ್ರಮ ಇದೇ. ಉಳಿದವರಿಗೆ ಸಕ್ಕರೆ ಗುಳಿಗೆಯಲ್ಲ, ವೈದ್ಯರು ಆರಿಸಿದ ಹಳೆಯ ಔಷಧಗಳಲ್ಲೊಂದು: ಮೆಥೊಟ್ರೆಕ್ಸೇಟ್, ಡೋಸಿಟ್ಯಾಕ್ಸೆಲ್ ಅಥವಾ ಸಿಟುಕ್ಸಿಮ್ಯಾಬ್. ಅರ್ಧದಷ್ಟು ಜನ ಬದುಕಿದ್ದ ಅವಧಿ (ಮೀಡಿಯನ್) ನಿವೊಲುಮ್ಯಾಬ್ ಕಡೆ 7.5 ತಿಂಗಳು, ಇನ್ನೊಂದು ಕಡೆ 5.1 ತಿಂಗಳು. ‘ಗೆದ್ದ’ ಔಷಧದ ಅಂತರವೂ ಇಷ್ಟೇ ಇರಬಹುದು ಎಂಬುದನ್ನು ತಿಳಿದೇ ಮುಂದುವರಿಯಿರಿ.

ಟ್ರಯಲ್ ಅಧಿಕೃತವೇ ಎಂದು ನೋಡಲು ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾ) ವೆಬ್‌ಸೈಟ್ ಇದೆ. ಭಾರತದಲ್ಲಿ 2009ರ ಜೂನ್ 15ರಿಂದ ಅಲ್ಲಿ ನೋಂದಣಿ ಕಡ್ಡಾಯ. ಯಾರು ಸೇರಬಹುದು, ಯಾರು ಸೇರುವಂತಿಲ್ಲ, ಯಾವ್ಯಾವ ಆಸ್ಪತ್ರೆ ಎಲ್ಲವೂ ಉಚಿತವಾಗಿ ಸಿಗುತ್ತದೆ. ನೋಂದಣಿ ಸಂಖ್ಯೆ ಕೇಳಿದಾಗ ತಡವರಿಸುವವರ ಬಳಿ ಸಹಿ ಹಾಕಬೇಡಿ.

ಒಪ್ಪಿಗೆ ಪತ್ರವನ್ನು ಮನೆಗೆ ತನ್ನಿ

ಹತ್ತಾರು ಪುಟದ ಆ ಪತ್ರಕ್ಕೆ ಒಪಿಡಿ ಬಾಗಿಲಲ್ಲಿ ನಿಂತು ಸಹಿ ಹಾಕುವುದು ಬೇಡ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ಅಂದರೆ ಕನ್ನಡದಲ್ಲಿ ಕೇಳುವ ಹಕ್ಕಿದೆ. ಓದಲು ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮದೇ. ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಅದರಲ್ಲಿರುತ್ತದೆ. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಭಾರತದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದಾದ ಹಾನಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು.

ಬಸ್ ಖರ್ಚು ಯಾರದು, ಎಷ್ಟು ಸಲ ಬರಬೇಕು ಎಂಬುದನ್ನು ನಾಚಿಕೆಯಿಲ್ಲದೆ ಕೇಳಿ. ಇನ್ನೊಂದು ಪ್ರಶ್ನೆ ಗಂಟಲ ರೋಗಿಗಳಿಗೇ ವಿಶೇಷ. ಔಷಧ ಮಾತ್ರೆಯಾಗಿದ್ದು, ರೋಗಿ ಮೂಗಿನ ಅಥವಾ ಹೊಟ್ಟೆಯ ಟ್ಯೂಬಿನಿಂದ ಊಟ ಮಾಡುತ್ತಿದ್ದರೆ, ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದೇ? ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ. ಬಾಯಿಂದ ರಕ್ತ ಬಂದಿದ್ದರೆ ಅದನ್ನೂ ಮುಚ್ಚಿಡಬೇಡಿ. ಕೆಲವು ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಶುರುವಾದ ಮೇಲೆ

ಸ್ಕ್ರೀನಿಂಗ್ ಎಂಬ ಜರಡಿ ದಾಟಬೇಕು: ರಕ್ತ, ಕಿಡ್ನಿ, ಲಿವರ್, ಇಸಿಜಿ. ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಶಕ್ತಿ ರೋಗಿಗಿದೆಯೇ ಎಂದೂ ಅಂಕ ಹಾಕುತ್ತಾರೆ. ಹಲವರು ಇಲ್ಲೇ ವಾಪಸಾಗುತ್ತಾರೆ.

ಇಜಿಎಫ್‌ಆರ್ ಔಷಧಗಳಲ್ಲಿ ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಸಾಮಾನ್ಯ. ಮೆಗ್ನೀಷಿಯಂ ಕುಸಿಯುವುದೂ ಉಂಟು. ಗುಳ್ಳೆ ಕಂಡಾಕ್ಷಣ ಮೆಡಿಕಲ್ ಶಾಪಿನ ಮುಲಾಮು ಹಚ್ಚದೆ ಟ್ರಯಲ್ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಆಯುರ್ವೇದದ ಚೂರ್ಣವಾದರೂ ಸರಿ, ಹೇಳಿಯೇ ತೆಗೆದುಕೊಳ್ಳಿ.

ಕೆಲವು ವಾರಗಳಿಗೊಮ್ಮೆ ಸ್ಕ್ಯಾನ್. ಗುರುತಿಸಿದ ಗಡ್ಡೆಗಳ ಅಳತೆ ಕೂಡಿಸುತ್ತಾರೆ. ಒಟ್ಟು 50 ಮಿ.ಮೀ. ಇದ್ದದ್ದು 35ಕ್ಕೆ ಇಳಿದರೆ ಶೇ 30 ಕುಗ್ಗಿದಂತೆ, ಅದನ್ನು ಭಾಗಶಃ ಫಲಿತಾಂಶ ಎನ್ನುತ್ತಾರೆ. ಮುಂದೆ ಆ 35 ಮತ್ತೆ 42 ಆದರೆ ಶೇ 20 ಬೆಳೆದಂತೆ, ಅಂದರೆ ಕಾಯಿಲೆ ಮುಂದುವರಿದಿದೆ. ಶುರುವಿನ 50ಕ್ಕಿಂತ ಕಮ್ಮಿಯೇ ಇದೆಯಲ್ಲ ಎಂದು ಮನೆಯವರು ವಾದಿಸುತ್ತಾರೆ. ಲೆಕ್ಕ ಹಿಡಿಯುವುದು ಅತಿ ಕಡಿಮೆ ಇದ್ದ ಅಳತೆಯಿಂದ. ಸಾಮಾನ್ಯವಾಗಿ ಅಲ್ಲಿಗೆ ಔಷಧ ನಿಲ್ಲುತ್ತದೆ, ರೋಗಿ ಮಾಮೂಲಿ ಚಿಕಿತ್ಸೆಗೆ ಮರಳುತ್ತಾರೆ. ಆಗ ಯಾವ ಔಷಧ, ಎಷ್ಟು ಡೋಸ್, ಕೊನೆಯ ದಿನಾಂಕ ಯಾವುದು ಎಂದು ಬರೆಸಿಕೊಳ್ಳಿ. ಉಳಿದ ಬ್ಲಾಕನ್ನೂ ವಾಪಸ್ ಕೇಳಿ.