ವರ್ತಕ ಐ.ಪಿ. ಹಾಕಿದಾಗ ಬೆಳೆಗಾರರ ದಾವೆಗಳನ್ನು ಒಂದೆಡೆ ಸೇರಿಸುವುದು ಹೇಗೆ?

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಬೆಳೆಗಾರರ ಹಣ ಕೊಡಲಾಗದೆ ಕೈ ಎತ್ತಿದರು ಎಂದಿಟ್ಟುಕೊಳ್ಳಿ. ನಾಲ್ವರು ವಸೂಲಿಗೆ ದಾವೆ ಹೂಡಿದ್ದಾರೆ. ಮೂರು ದಾವೆ ತಿಪಟೂರಿನಲ್ಲಿವೆ. ಮಾಲು ತೋಟದಿಂದಲೇ ಎತ್ತಿದ್ದರಿಂದ ನಾಲ್ಕನೆಯದು ಅರಸೀಕೆರೆಯಲ್ಲಿದೆ. ಅಷ್ಟರಲ್ಲಿ ವರ್ತಕರು ‘ಐ.ಪಿ. ಹಾಕಿದರು’ ಎಂಬ ಸುದ್ದಿ ಬರುತ್ತದೆ. ಐ.ಪಿ. ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ತಮ್ಮನ್ನು ದಿವಾಳಿ ಎಂದು ಘೋಷಿಸಿ ಎಂದು ಅವರು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟಿದ್ದಾರೆ.

ಆಗ ಎಲ್ಲರೂ ತಾನೇ ಮೊದಲು ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ಅಂತಿಮ ಆದೇಶ) ಪಡೆಯಬೇಕೆಂದು ಓಡುತ್ತಾರೆ. ದಯವಿಟ್ಟು ಓಡಬೇಡಿ. ದಿವಾಳಿ ಆದೇಶವಾದರೆ ವರ್ತಕರ ಆಸ್ತಿ ನ್ಯಾಯಾಲಯ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರು) ವಶಕ್ಕೆ ಹೋಗುತ್ತದೆ. ಅಡಮಾನವಿಲ್ಲದೆ ನಂಬಿ ಮಾಲು ಕೊಟ್ಟವರಿಗೆ, ಆದ್ಯತೆಯ ಬಾಕಿಗಳು ತೀರಿದ ಮೇಲೆ ಉಳಿದದ್ದು ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಮೊದಲು ಡಿಕ್ರಿ ಪಡೆದವನಿಗೆ ಹೆಚ್ಚು ಪಾಲಿಲ್ಲ. ನಾಲ್ಕು ಕಡೆ ವಕೀಲರ ಶುಲ್ಕ, ನಾಲ್ಕು ಸಲ ಅದೇ ಸಾಕ್ಷಿ ಏಕೆ?

ಮೊದಲ ಕೆಲಸ, ಪ್ರಕರಣಗಳ ಪಟ್ಟಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವರ್ತಕರ ಹೆಸರು ಹಾಕಿ ಹುಡುಕಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ, ಬರೆದಿಟ್ಟುಕೊಳ್ಳಿ.

ನಂತರ ಐ.ಪಿ. ಅರ್ಜಿಯ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ವರ್ತಕರು ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿ ಇರುತ್ತದೆ. ನಿಮ್ಮ ಬಿಳಿಚೀಟಿಗಳ (ಮಾಲು ಪಡೆದಾಗ ವರ್ತಕರು ಬರೆದುಕೊಟ್ಟ ಚೀಟಿಗಳ) ಮೊತ್ತ ಕೂಡಿದರೆ 1,85,000 ರೂಪಾಯಿ, ಅಲ್ಲಿ ಬರೆದಿರುವುದು 60,000 ಎಂದರೆ ನಿಮ್ಮ ಪಾಲು ಅಲ್ಲಿಯೇ ಕರಗಿತು. ಒಂದೊಂದು ಚೀಟಿಯ ತಾರೀಖು, ತೂಕ, ದರವನ್ನೂ ತಾಳೆ ನೋಡಿ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ನನಗೆ ಕಾಣುವುದಿಲ್ಲ.

ಕರ್ನಾಟಕದಲ್ಲಿ ವ್ಯಕ್ತಿಗಳ ದಿವಾಳಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಅನ್ವಯಿಸುತ್ತದೆ. ಸಾಲ ಕಂಪನಿಯದ್ದಾದರೆ ದಾರಿ ಬೇರೆ. 2016ರ ದಿವಾಳಿ ಸಂಹಿತೆಯಡಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ವರ್ತಕರ ಐ.ಪಿ. ಅರ್ಜಿ ಬಾಕಿ ಇದೆ ಎಂಬ ಮಾತ್ರಕ್ಕೆ ನಿಮ್ಮ ದಾವೆ ತಾನಾಗಿ ನಿಲ್ಲುವುದಿಲ್ಲ. ದಿವಾಳಿ ಆದೇಶವನ್ನು ತೋರಿಸಿದರೆ ಮಾತ್ರ, 1920ರ ಕಾಯ್ದೆಯ 29ನೇ ಕಲಮಿನಂತೆ, ದಾವೆ ನಡೆಸುವ ನ್ಯಾಯಾಲಯ ಅದನ್ನು ತಡೆಹಿಡಿಯಬೇಕು ಇಲ್ಲವೇ ಷರತ್ತು ಹಾಕಿ ಮುಂದುವರಿಸಬೇಕು. ಆದೇಶದ ನಂತರ ಹೊಸ ದಾವೆ ಹೂಡಲು ದಿವಾಳಿ ನ್ಯಾಯಾಲಯದ ಅನುಮತಿ ಬೇಕು.

ಇನ್ನು ಒಗ್ಗೂಡಿಸುವ ಮಾತು. ಅರಸೀಕೆರೆ ಹಾಸನ ಜಿಲ್ಲೆ, ತಿಪಟೂರು ತುಮಕೂರು ಜಿಲ್ಲೆ. ಜಿಲ್ಲೆ ದಾಟಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ ಬೆಂಗಳೂರಿನ ಹೈಕೋರ್ಟಿಗೆ ವರ್ಗಾವಣೆ ಅರ್ಜಿ ಹಾಕಬೇಕು. ಒಂದೇ ಜಿಲ್ಲೆಯೊಳಗಾದರೆ ಜಿಲ್ಲಾ ನ್ಯಾಯಾಲಯವೇ ಸಾಕು. ಎಲ್ಲವೂ ಒಂದೇ ನ್ಯಾಯಾಧೀಶರ ಮುಂದೆ ಬಂದ ಮೇಲೆ ಅದೇ ಸಂಹಿತೆಯ 151ನೇ ಕಲಮಿನಡಿ, ದಾವೆಗಳನ್ನು ಒಗ್ಗೂಡಿಸಿ ಎಂದು ಮಧ್ಯಂತರ ಅರ್ಜಿ ಸಲ್ಲಿಸಿ. ಪ್ರತಿವಾದಿ ಒಬ್ಬರೇ, ಲೆಕ್ಕದ ಪುಸ್ತಕ ಒಂದೇ, ಅವರ ತಕರಾರೂ ಒಂದೇ ಎಂದು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬಿಡಿಸಿ ಬರೆಯಿರಿ. ಸಂಹಿತೆಯಲ್ಲಿ ಇದಕ್ಕೆಂದೇ ಕಲಮು ಇಲ್ಲದಿದ್ದರೂ ನ್ಯಾಯಾಲಯಕ್ಕೆ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2004ರ ಚಿತಿವಲಸ ಜೂಟ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಒಂದು ದಾವೆಯಲ್ಲಿ ಪಾಟೀಸವಾಲು ಮುಗಿದಿದ್ದರೆ ನ್ಯಾಯಾಧೀಶರು ಒಪ್ಪದಿರಬಹುದು. ಹಾಗಾಗಿ ವಿವಾದಾಂಶಗಳು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚನೆಯಾಗುವ ಹೊತ್ತಿಗೇ ಕೇಳಿ. ಒಪ್ಪದಿದ್ದರೆ, ಎಲ್ಲಕ್ಕೂ ಒಂದೇ ದಿನ ವಿಚಾರಣೆ ಇಡುವಂತೆಯಾದರೂ ಬೇಡಿಕೊಳ್ಳಿ. ಸೇರಿಸಿದರೂ ದಾವೆಗಳು ಬೆರೆತುಹೋಗುವುದಿಲ್ಲ. ಸಾಕ್ಷ್ಯ ಮತ್ತು ತೀರ್ಪು ಒಂದೇ ಆದರೂ ಡಿಕ್ರಿ ಅವರವರದು.

ಬೆಳೆಗಾರರೇ ಬೇರೆ ಬೇರೆಯಾಗಿ ದಿವಾಳಿ ಅರ್ಜಿ ಹಾಕಿದ್ದರೆ ಅವನ್ನು ಒಗ್ಗೂಡಿಸಲು 1920ರ ಕಾಯ್ದೆಯ 15ನೇ ಕಲಮು ಇದೆ.

ದಾವೆ ಸೇರಿಸಿದೆವೆಂದು ಸುಮ್ಮನೆ ಕೂರಬೇಡಿ. ದಿವಾಳಿ ಆದೇಶವಾದೊಡನೆ ಪ್ರತಿಯೊಬ್ಬರೂ ತಮ್ಮ ಬಾಕಿಯನ್ನು ಪ್ರಮಾಣಪತ್ರದ ಮೂಲಕ ದಿವಾಳಿ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ನೋಂದಾಯಿತ ಅಂಚೆಯಲ್ಲೂ ಕಳುಹಿಸಬಹುದು. ಐ.ಪಿ. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಗೋದಾಮನ್ನೋ ತೋಟವನ್ನೋ ಹೆಂಡತಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿದ್ದರೆ, ಅದನ್ನು ರದ್ದುಪಡಿಸಲು ರಿಸೀವರ್ ಅರ್ಜಿ ಹಾಕಬಹುದು. ಬಾಕಿ ಸಾಬೀತುಪಡಿಸಿದ ಬೆಳೆಗಾರರೂ ನ್ಯಾಯಾಲಯದ ಅನುಮತಿ ಪಡೆದು ಹಾಕಬಹುದು. ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಅಂಥ ವರ್ಗಾವಣೆ ಬಯಲಾಗುತ್ತದೆ.

ಮುಂದೆ ದಿವಾಳಿ ಆದೇಶವೇ ರದ್ದಾದರೆ, ಆದೇಶದಿಂದ ರದ್ದತಿಯವರೆಗಿನ ಅವಧಿಯನ್ನು ದಾವೆ ಹೂಡುವ ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ. ಅಲ್ಲಿಯವರೆಗೆ ಬಿಳಿಚೀಟಿಯ ಮೂಲಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ. ನ್ಯಾಯಾಲಯಕ್ಕೆ ಕೊಟ್ಟಿದ್ದರೆ ನಕಲನ್ನಾದರೂ ಜೋಪಾನ ಮಾಡಿ.